ಹಾಸಿಗೆಯ ಕೆಳಗಿನ ಸಂಪು

“ಪಂಪು ಓಡುತ್ತಿದೆ, ನೀರು ಮಾತ್ರ ಬರುತ್ತಿಲ್ಲ” ಎಂದು ನಾಣಿ ಸಾರಿದಾಗ ಬೆಳಗಿನ ಏಳು ಗಂಟೆ. ಸರೋಜಳ ಕೈಯಲ್ಲಿ ಡಿಕಾಕ್ಷನ್ನಿಗೆಂದು ಹಿಡಿದ ಖಾಲಿ ಪಾತ್ರೆಯಿತ್ತು, ಗುರುವಿನ ಬಾಯಲ್ಲಿ ಪೇಸ್ಟಿನ ನೊರೆಯಿತ್ತು. ಮೇ ತಿಂಗಳಲ್ಲಿ ಹಿಮ ಕರಗಿ, ಅವರು ಬಂದು ತಂಗಿದ್ದ ಕ್ಯಾಲಿಫೋರ್ನಿಯದ ಕಣಿವೆಯಲ್ಲಿ ಯೊಸೆಮಿಟಿ ಜಲಪಾತವು 739 ಮೀಟರ್ ಎತ್ತರದಿಂದ ಧುಮುಕುತ್ತಿತ್ತು, ಹತ್ತಿರದಲ್ಲೇ ಮರ್ಸೆಡ್ ನದಿ ಭೋರ್ಗರೆಯುತ್ತಿತ್ತು, ಓಡುವ ಮನೆಯಂತಿದ್ದ ನಾಣಿಯ ಮೋಟರ್‌ಹೋಮಿನ ನಲ್ಲಿ ಮಾತ್ರ ಹಳೆಯ ಗೂರಲು ರೋಗಿಯಂತೆ ಕೆಮ್ಮುತ್ತಿತ್ತು.

“ಬಸವನಗುಡಿಯಲ್ಲಿ ನಲ್ಲಿ ಕೆಮ್ಮಿದರೆ ಇಡೀ ಊರನ್ನು ಬೈಯುವ ಸುಖವಾದರೂ ಇತ್ತು. ಇಲ್ಲಿ ಬೈಯುವುದಕ್ಕೆ ನೀನೊಬ್ಬನೇ ಸಿಕ್ಕಿದ್ದೀಯೆ” ಎಂದರು ರಾಯರು.

“ರಾಯರೇ, ಟ್ಯಾಂಕಿನಲ್ಲಿ ಮೂರನೇ ಎರಡು ಭಾಗ ನೀರಿದೆ. ಗೋಡೆಯ ಮೇಲಿನ ದೀಪವನ್ನು ನೀವೇ ನೋಡಿ.”

“ಆ ದೀಪವನ್ನು ನಂಬುವ ಹಾಗಿಲ್ಲ” ಎಂದು ಗುರು ನೊರೆಯ ನಡುವೆಯೇ ಪಾಠಕ್ಕೆ ತೊಡಗಿದನು. ಅವನು ಮೋಟರ್‌ಹೋಮಿನ ಬಗ್ಗೆ ನೋಡದ ವಿಡಿಯೊ ಇಲ್ಲ. “ಟ್ಯಾಂಕಿನ ಪಕ್ಕೆಯಲ್ಲಿ ಬೇರೆ ಬೇರೆ ಎತ್ತರಕ್ಕೆ ಲೋಹದ ಮೊಳೆಗಳಿರುತ್ತವೆ. ನೀರು ಮುಟ್ಟಿದರೆ ವಿದ್ಯುತ್ತು ಹರಿದು ದೀಪ ಹತ್ತುತ್ತದೆ. ಮೊಳೆಗಳಿಗೆ ಗಸಿ ಕಟ್ಟಿಕೊಂಡರೆ ಅದು ಸುಳ್ಳು ಹೇಳುತ್ತದೆ.”

“ಖಾಲಿ, ಮೂರನೇ ಒಂದು, ಮೂರನೇ ಎರಡು, ಪೂರ್ತಿ ಎಂಬ ನಾಲ್ಕೇ ಮಾತು ಬಲ್ಲ ಯಂತ್ರ, ಆ ನಾಲ್ಕರಲ್ಲೂ ಸುಳ್ಳು ಹೇಳುತ್ತದೆಯೆಂದರೆ ನಮ್ಮ ಬೀದಿಯಲ್ಲಿ ನೀರು ಬಿಡುವವನೇ ವಾಸಿ. ‘ಬರುತ್ತದೆ ಸ್ವಾಮಿ’ ಎಂಬ ಒಂದೇ ಮಾತು ಬಲ್ಲವನಾದರೂ ಎಂದಾದರೊಂದು ದಿನ ಅದು ನಿಜವಾಗುತ್ತಿತ್ತು.”

ರಾಯರು ನಾಣಿಯ ಹಾಸಿಗೆಯನ್ನು ಮಡಚಿಸಿ, ಹಲಗೆಯನ್ನು ಎತ್ತಿಸಿ, ಕೆಳಗಿದ್ದ ಬಿಳಿಯ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬಂದರು. ಹಲಸಿನ ಹಣ್ಣು, ಮೃದಂಗ, ನೀರಿನ ಟ್ಯಾಂಕು ಈ ಮೂರರ ಒಳಗುಟ್ಟನ್ನು ತಟ್ಟಿಯೇ ತಿಳಿಯಬೇಕೆಂಬುದು ಅವರ ಸಿದ್ಧಾಂತ. ಅರ್ಧಕ್ಕಿಂತ ಮೇಲೆ ಟೊಳ್ಳು ಸದ್ದು ಮುಗಿದು ಮಂದವಾದ ಸದ್ದು ಕೇಳಿಸಿತು.

“ನೀರಿದೆ. ಎಷ್ಟು ಹಿಡಿಯುತ್ತದೆ ಇದು?”

“ನಲವತ್ತು ಗ್ಯಾಲನ್. ನಮ್ಮ ಲೆಕ್ಕದಲ್ಲಿ ಸುಮಾರು 150 ಲೀಟರ್.”

“ಅಂದರೆ ತುಂಬಿದಾಗ ನೂರೈವತ್ತು ಕೆ.ಜಿ. ಭಾರ. ಸಂಪು, ಮೋಟಾರು, ಟ್ಯಾಂಕು ಎಂಬ ತಾಪತ್ರಯ ತಾಳಲಾರದೆ ಬೆಂಗಳೂರು ಬಿಟ್ಟೆನೆಂದು ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಮನುಷ್ಯ, ಮನೆಗಾಗುವಷ್ಟು ಡಾಲರು ಸುರಿದು ಒಂದು ಸಂಪನ್ನು ಕೊಂಡು, ಅದಕ್ಕೆ ಚಕ್ರ ಹಾಕಿಸಿ, ಅದರ ಮೇಲೆಯೇ ಮಲಗುತ್ತಿದ್ದಾನಲ್ಲ, ಸರೋಜಾ!”

ಸರೋಜ ನಗಲಿಲ್ಲ. ಕಾಫಿಯಿಲ್ಲದೆ ನಗುವ ಅಭ್ಯಾಸ ಅವಳಿಗಿಲ್ಲ.

ಗುರು ಕಾರಣಗಳನ್ನು ಎಣಿಸತೊಡಗಿದನು: ಪಂಪಿನ ಮುಂದಿನ ಜಾಲರಿಯಲ್ಲಿ ಕಸ ಕಟ್ಟಿರಬಹುದು, ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಯ ಕೀಲು ಸಡಿಲವಾಗಿ ಗಾಳಿ ಎಳೆಯುತ್ತಿರಬಹುದು, ಪಂಪಿನ ಒಳಗಿನ ಪೊರೆಯೇ ಹರಿದಿರಬಹುದು. ಅವನು ಮೂರನೆಯದಕ್ಕೆ ಬರುವಷ್ಟರಲ್ಲಿ ರಾಯರು ಕೊಳವೆಯ ಜಾಡು ಹಿಡಿದು ಹೊರಟಿದ್ದರು. ಪಂಪಿಗೆ ಸ್ವಲ್ಪ ಈಚೆಗೆ, ನೀರಿನ ದಾರಿ ಬದಲಿಸುವ ಒಂದು ತಿರುಪು. ಅದರ ಒಂದು ಕವಲು ಟ್ಯಾಂಕಿಗೆ ಹೋಗಿತ್ತು, ಇನ್ನೊಂದು ಗೇಣುದ್ದದ ಕೊಳವೆ ಎಲ್ಲಿಗೂ ಹೋಗದೆ ಗಾಳಿಯಲ್ಲಿ ನೇತಾಡುತ್ತಿತ್ತು. ಅದರ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

“ನಾಣಿ, ಈ ಮೂಗು ಯಾಕೆ ಕೆಂಪಾಗಿದೆ?”

ನಾಣಿಯ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದೇ ಅಪರೂಪವಾದ ತನ್ನ ಊರು ಫ್ರೀಮಾಂಟಿನಲ್ಲಿ, ವಿಡಿಯೊ ಹೇಳಿತೆಂಬ ಒಂದೇ ಕಾರಣಕ್ಕೆ, ಕಳೆದ ಅಕ್ಟೋಬರಿನಲ್ಲಿ ಅವನು ಕೊಳವೆಗಳು ಒಡೆಯದಿರಲೆಂದು ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ, ಆಂಟಿಫ್ರೀಜ್ ಏರಿಸಿದ್ದನು. ಅದನ್ನು ಹೀರಲು ತಿರುಗಿಸಿದ ತಿರುಪನ್ನು ಮರಳಿ ತಿರುಗಿಸಿರಲಿಲ್ಲ. ಹೊರಡುವ ಮುನ್ನ ಕೊಳವೆಗಳನ್ನು ಮನೆಯ ನಲ್ಲಿಯ ಒತ್ತಡದಿಂದಲೇ ತೊಳೆದಿದ್ದರಿಂದ ಪಂಪಿನ ಗೊಡವೆಗೆ ಹೋಗುವ ಪ್ರಸಂಗವೇ ಬಂದಿರಲಿಲ್ಲ. ರಾತ್ರಿ ತಡವಾಗಿ ತಲುಪಿ, ಡಬ್ಬಿಯ ಚಿತ್ರಾನ್ನ ತಿಂದು, ಬಾಟಲಿಯ ನೀರು ಕುಡಿದು ಎಲ್ಲರೂ ಮಲಗಿಬಿಟ್ಟಿದ್ದರು.

ತಿರುಪನ್ನು ಕಾಲು ಸುತ್ತು ತಿರುಗಿಸಿದ್ದೇ ನಲ್ಲಿ ಎರಡು ಬಾರಿ ಉಗುಳಿ, ಮೂರನೆಯ ಬಾರಿ ಧಾರೆ ಬಿಟ್ಟಿತು. ಸರೋಜ ಮೂಸಿ ನೋಡಿ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು.

“ಟ್ಯಾಂಕಿಗೆ ಬ್ಲೀಚ್ ಹಾಕಿ ತೊಳೆದಿರಾ?”

“ಹದಿನೈದು ಗ್ಯಾಲನ್ನಿಗೆ ಕಾಲು ಕಪ್” ಎಂದನು ಗುರು. “ನಲವತ್ತಕ್ಕೆ ಮುಕ್ಕಾಲಿಗಿಂತ ಒಂದಿಷ್ಟು ಕಡಿಮೆ. ಎಲ್ಲ ನಲ್ಲಿಗಳಲ್ಲೂ ಅದರ ವಾಸನೆ ಬರುವವರೆಗೆ ಹರಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಬೇಕು.”

“ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತೇ?” ಎಂದನು ನಾಣಿ.

“ನೀನು ಕೇಳಲಿಲ್ಲ.”

“ನಮ್ಮೂರಿನಲ್ಲಿ ಜಾತ್ರೆ ಮುಗಿದ ಮರುದಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಡಂಗುರ ಹೊಡೆಸುತ್ತಿದ್ದರು. ಈ ಬಾವಿಗೆ ಜಾತ್ರೆಯೂ ಇಲ್ಲ, ಡಂಗುರವೂ ಇಲ್ಲ” ಎಂದರು ರಾಯರು. ಕಾಫಿ ಬಾಟಲಿಯ ನೀರಿನಲ್ಲಿಯೇ ಆಯಿತು.

ಕಾಫಿ ಕುಡಿದ ಮೇಲೆ ಸರೋಜಳಿಗೆ ಮಾತಾಡುವ ಮನಸ್ಸಾಯಿತು. “ಈಗ ಬಸವನಗುಡಿಯಲ್ಲಿ ನೀರಿಗೆ ತೊಂದರೆಯಿಲ್ಲವೇ, ರಾಯರೇ?”

“ಇಲ್ಲಮ್ಮ. ಮೊದಲೆಲ್ಲ ಮೋಟಾರು ಹಾಕಿ ಮರೆಯುವವನು ನಾನು, ತಾರಸಿಯಿಂದ ನೀರು ಸುರಿಯತೊಡಗಿದಾಗ ಕೂಗುವವಳು ಕಮಲ. ಒಬ್ಬನ ಮನೆಯಲ್ಲವೇ ಈಗ, ವಾರಕ್ಕೊಮ್ಮೆ ತುಂಬಿಸಿದರೆ ಸಾಕು. ಟ್ಯಾಂಕು ಉಕ್ಕುವುದೇ ಇಲ್ಲ.”

ಗುರು ಏನೋ ವಿಡಿಯೊ ತೋರಿಸಹೋಗಿ ಸುಮ್ಮನಾದನು.

ಆ ರಾತ್ರಿ ಯಾವುದೋ ನಲ್ಲಿ ಹನಿಯುತ್ತಿತ್ತೆಂದು ಕಾಣುತ್ತದೆ. ಕೊಳವೆಯ ಒತ್ತಡ ಇಳಿದಾಗಲೆಲ್ಲ ಪಂಪು ತಾನಾಗಿ ಎಚ್ಚೆತ್ತು, ಗುರ್ ಎಂದು, ಮತ್ತೆ ಸುಮ್ಮನಾಗುತ್ತಿತ್ತು. ಮೂರನೆಯ ಬಾರಿ ಗುರ್ ಎಂದಾಗ ಮೇಲಿನ ಹಾಸಿಗೆಯಿಂದ ರಾಯರ ನಿದ್ದೆಗಣ್ಣಿನ ದನಿ ಕೇಳಿಸಿತು:

“ಕಮಲಾ, ಮೋಟಾರು ಆರಿಸಿದೆಯೇನೇ?”

ನಾಣಿ ಕತ್ತಲೆಯಲ್ಲಿ ತಡವರಿಸುತ್ತ ಎದ್ದು ಹೋಗಿ ಪಂಪಿನ ಸ್ವಿಚ್ಚನ್ನು ಆರಿಸಿ ಬಂದನು.