ಲಾಡಿ, ಪಕ್ಕದ ಪಟ್ಟಿ ಇರುವ ಪ್ಯಾಂಟನ್ನು ಕಚೇರಿಗೆ ತೊಡುವುದು ಹೇಗೆ?

ಹೆಬ್ಬಾಳದ ಉದ್ಯೋಗಿ, ಮೈಸೂರು

ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮಲ್ಲಿ ಟೈ ಕಟ್ಟಬೇಕಿಲ್ಲ, ಆದರೆ ಕಾಲರ್ ಇರುವ ಅಂಗಿ ಮತ್ತು ಅಚ್ಚುಕಟ್ಟಾದ ಪ್ಯಾಂಟ್ ಇರಬೇಕೆಂಬ ಅಲಿಖಿತ ನಿಯಮವಿದೆ. ಈಚೆಗೆ ದೇವರಾಜ ಅರಸು ರಸ್ತೆಯಲ್ಲಿ ಎರಡು ಪ್ಯಾಂಟ್ ಕೊಂಡೆ. ಒಂದು ಕಡುನೀಲಿ, ಸೊಂಟಕ್ಕೆ ಎಲಾಸ್ಟಿಕ್ ಮತ್ತು ಲಾಡಿ, ಕಾಲಿನ ಹೊರಬದಿಗೆ ಅದೇ ನೀಲಿಯ ತುಸು ಗಾಢವಾದ ಪಟ್ಟಿ, ಕೆಳಗೆ ಸಾಮಾನ್ಯ ಪ್ಯಾಂಟಿನಂತೆ ಮಡಿಸಿ ಹೊಲಿದ ಅಂಚು. ಇನ್ನೊಂದು ಬೂದು ಬಣ್ಣದ ಹತ್ತಿಯ ಜಾಗರ್. ಕೆಳಗೆ ರಿಬ್, ಅಂದರೆ ಪಾದದ ಗಂಟಿಗೆ ಬಿಗಿಯಾಗಿ ಕೂರುವ ಹೆಣೆದ ಅಂಚು, ಜೇಬಿಗೆ ಝಿಪ್, ಬದಿಗೆ ಬಿಳಿ ಪಟ್ಟಿ. ಎರಡನ್ನೂ ಬ್ಲೇಜರ್ ಜೊತೆ ಧಾರಾಳವಾಗಿ ತೊಡಬಹುದೆಂದು ಅಂಗಡಿಯವರು ಹೇಳಿದರು. ಕನ್ನಡಿಯ ಮುಂದೆ ನಿಂತರೆ ಮಾತ್ರ, ಸೊಂಟದಿಂದ ಮೇಲೆ ಕಚೇರಿಗೂ ಸೊಂಟದಿಂದ ಕೆಳಗೆ ಕುಕ್ಕರಹಳ್ಳಿ ಕೆರೆಯ ಏರಿಗೂ ಹೊರಟವನಂತೆ ಕಾಣುತ್ತೇನೆ. ಇವುಗಳ ಜೊತೆ ಯಾವ ಅಂಗಿ, ಯಾವ ಪಾದರಕ್ಷೆ ಹೊಂದುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಸರಸ್ವತಿಪುರಂ ಓದುಗ

ಅಂಗಿಯ ವಿಚಾರಕ್ಕೆ ಹೋಗುವ ಮೊದಲು ಎರಡೂ ಪ್ಯಾಂಟುಗಳ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ. ಇಂಥ ಪ್ಯಾಂಟ್ ಕಚೇರಿಗೆ ಒಪ್ಪುತ್ತದೆಯೇ ಇಲ್ಲವೇ ಎಂಬುದನ್ನು ಲಾಡಿಯಾಗಲಿ ಪಟ್ಟಿಯಾಗಲಿ ತೀರ್ಮಾನಿಸುವುದಿಲ್ಲ. ಬಟ್ಟೆ ಸೊಂಟದಿಂದ ಪಾದದವರೆಗೆ ಹೇಗೆ ಇಳಿಯುತ್ತದೆ ಎಂಬುದು ತೀರ್ಮಾನಿಸುತ್ತದೆ. ಟೀ ಶರ್ಟಿನಂತೆ ಹೆಣೆದ ಹತ್ತಿ ಬಟ್ಟೆ ಒಂದೆರಡು ಗಂಟೆ ಕುರ್ಚಿಯಲ್ಲಿ ಕುಳಿತರೆ ಮಂಡಿಯ ಬಳಿ ಉಬ್ಬುತ್ತದೆ ಮತ್ತು ಇಸ್ತ್ರಿಯ ಗೆರೆಯನ್ನು ಉಳಿಸಿಕೊಳ್ಳುವುದಿಲ್ಲ. ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆಸಿ, ಹಿಗ್ಗುವುದಕ್ಕೆಂದು ಸ್ವಲ್ಪ ಎಲಾಸ್ಟೇನ್ ಸೇರಿಸಿ ನೇಯ್ದ ಬಟ್ಟೆಯಾದರೆ, ಲಾಡಿ ಇದ್ದರೂ, ದೂರದಿಂದ ನೋಡುವವರಿಗೆ ಅದು ಸಾಧಾರಣ ಫಾರ್ಮಲ್ ಪ್ಯಾಂಟಿನಂತೆಯೇ ಕಾಣುತ್ತದೆ. ತೆಳ್ಳನೆಯ ಉಣ್ಣೆ ಮಿಶ್ರಣ ಇನ್ನೂ ಚೆನ್ನ, ಆದರೆ ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿಗೆ ದಪ್ಪ ಫ್ಲಾನೆಲ್ ಬೇಡ.

ನಿಮ್ಮ ಕಡುನೀಲಿ ಪ್ಯಾಂಟ್ ಈ ಜಾತಿಯದ್ದಾಗಿದ್ದರೆ ಅದನ್ನು ಕಚೇರಿಗೆ ತೊಡಲು ಅಡ್ಡಿಯಿಲ್ಲ. ಬೂದು ಜಾಗರಿನಲ್ಲಿ ರಿಬ್, ಝಿಪ್, ಬಿಳಿ ಪಟ್ಟಿ ಮೂರೂ ಒಟ್ಟಿಗೆ ಸೇರಿರುವುದರಿಂದ ಮೇಲೆ ಎಂಥ ಬ್ಲೇಜರ್ ಹಾಕಿದರೂ ಅದು ಆಟದ ಮೈದಾನವನ್ನು ಬಿಟ್ಟು ಬರುವುದಿಲ್ಲ. ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಇನ್ನು ಅಂಗಿ. ಎಲಾಸ್ಟಿಕ್ ಸೊಂಟದೊಳಗೆ ಅಂಗಿಯನ್ನು ಸಿಕ್ಕಿಸಿದರೆ ಸುತ್ತಲೂ ಸುಕ್ಕು ಎದ್ದು ಕಾಣುತ್ತದೆ. ಆದ್ದರಿಂದ ಕೆಳಗಿನ ಅಂಚು ನೇರವಾಗಿರುವ, ಪ್ಯಾಂಟಿನ ಮುಂಭಾಗದಲ್ಲಿ ಝಿಪ್ ಇರುವ ಜಾಗದ ನಡುಮಟ್ಟಕ್ಕೆ ನಿಲ್ಲುವ ಗಿಡ್ಡ ಅಂಗಿಯನ್ನು ಹೊರಗೆ ಬಿಡುವುದು ಲೇಸು. ಹೆಣೆದ ಪೋಲೋ ಅಂಗಿಯೂ ಸೊಗಸಾಗಿ ಹೊಂದುತ್ತದೆ. ಎದೆಯ ಮೇಲೆ ದೊಡ್ಡ ಲಾಂಛನವಿಲ್ಲದ್ದನ್ನು ಆರಿಸಿಕೊಳ್ಳಿ. ಬ್ಲೇಜರ್ ತೊಡುವುದಾದರೆ ಭುಜಕ್ಕೆ ಪ್ಯಾಡ್ ಇಲ್ಲದ, ಒಳಗೆ ಅಸ್ತರಿ ಇಲ್ಲದ ಮೆತ್ತನೆಯದ್ದಾಗಿರಲಿ. ಸೂಟಿನಿಂದ ಬಿಡಿಸಿಕೊಂಡ ಗಡಸು ಕೋಟನ್ನು ಈ ಪ್ಯಾಂಟಿನ ಮೇಲೆ ಹಾಕಿದರೆ, ಅವಸರದಲ್ಲಿ ಯಾರದೋ ಕೋಟು ಎರವಲು ತಂದವರಂತೆ ಕಾಣುತ್ತೀರಿ.

ಮಂಡ್ಯದ ಟೈಲರ್

ಮೇಲಿನವರ ಮಾತನ್ನು ಒಪ್ಪುತ್ತೇನೆ, ಹೊಲಿಗೆಯ ಕಡೆಯಿಂದ ಕೆಲವು ವಿಷಯ ಸೇರಿಸುತ್ತೇನೆ. ಮೊದಲನೆಯದಾಗಿ, ಜಾಗರಿನ ರಿಬ್ ಕತ್ತರಿಸಿ ಸಾದಾ ಅಂಚು ಮಾಡಿಸುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ರಿಬ್ಬೇ ಎರಡು ಮೂರು ಇಂಚು ಇರುತ್ತದೆ, ಅದು ಹೋದ ಮೇಲೆ ಮಡಿಸಿ ಹೊಲಿಯಲು ಮತ್ತೊಂದು ಇಂಚು ಬೇಕು. ಪ್ಯಾಂಟ್ ಪಾದದ ಗಂಟಿನಿಂದ ಎಷ್ಟೋ ಮೇಲಕ್ಕೆ ನಿಲ್ಲುತ್ತದೆ. ಹಾಗೆಯೇ ಹಿಗ್ಗುವ ಬಟ್ಟೆಯನ್ನು ಆಲ್ಟರ್ ಮಾಡಿಸುವಾಗ ಅಂಗಡಿಯಲ್ಲಿ ಬಟ್ಟೆಯೊಂದಿಗೆ ಹಿಗ್ಗುವ ಹೊಲಿಗೆ ಹಾಕುವ ಓವರ್‌ಲಾಕ್ ಯಂತ್ರವಿದೆಯೇ ಎಂದು ಕೇಳಿಕೊಳ್ಳಿ. ಸಾಮಾನ್ಯ ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ಪಟಪಟನೆ ಕಿತ್ತುಹೋಗುತ್ತದೆ.

ಕಡುನೀಲಿ ಪ್ಯಾಂಟಿನ ಅಂಚು ಶೂ ಮೇಲೆ ಮುದ್ದೆಯಾಗಿ ಬೀಳಬಾರದು, ಪಾದದ ಗಂಟಿನ ಬಳಿಗೆ ನಿಲ್ಲಬೇಕು. ಕೆಳಗಿನ ಸುತ್ತಳತೆ 13 ಅಥವಾ 14 ಇಂಚು ಇದ್ದರೆ ಸಾಮಾನ್ಯ ಮೈಕಟ್ಟಿನವರಿಗೆ ಸರಿಹೋಗುತ್ತದೆ. ಲಾಡಿಯನ್ನು ಹೊರಗೆ ತೂಗುಬಿಡದೆ ಒಳಕ್ಕೆ ಸೇರಿಸಿ ಕಟ್ಟಿ. ಹೊಸದಾಗಿ ಹೊಲಿಸುವುದಾದರೆ ಸೊಂಟದ ಮುಂಭಾಗಕ್ಕೆ ಸಾದಾ ಸೊಂಟಪಟ್ಟಿ ಮತ್ತು ಹುಕ್ಕು, ಹಿಂಭಾಗಕ್ಕೆ ಮಾತ್ರ ಎಲಾಸ್ಟಿಕ್ ಇರಲೆಂದು ಹೇಳಿ. ಆಗ ಅಂಗಿಯನ್ನು ಒಳಗೆ ಸಿಕ್ಕಿಸಲೂ ಬಹುದು. ಜೇಬಿನಲ್ಲಿ ಫೋನ್, ಬೀಗದ ಕೈ ಎಲ್ಲವನ್ನೂ ತುಂಬಿಕೊಂಡರೆ ಪಕ್ಕದ ಪಟ್ಟಿ ಸೊಟ್ಟಗಾಗುತ್ತದೆ, ಎಷ್ಟು ಚೆನ್ನಾಗಿ ಹೊಲಿದಿದ್ದರೂ ವ್ಯರ್ಥ. ಇಸ್ತ್ರಿಯನ್ನು ಹೆಚ್ಚು ಬಿಸಿ ಮಾಡದೆ ಒಳಮಗ್ಗುಲಿನಿಂದ ಹಾಕಿಸಿ, ಇಲ್ಲವಾದರೆ ಬಟ್ಟೆಯ ಮೇಲೆ ಹೊಳಪಿನ ಕಲೆ ನಿಲ್ಲುತ್ತದೆ, ಎಲಾಸ್ಟೇನ್ ಕೂಡ ಬೇಗ ಸಡಿಲವಾಗುತ್ತದೆ.

ಕುವೆಂಪುನಗರದ ಹಿರಿಯ

ಪಟ್ಟಿ ಎಂದರೆ ಆಟದ ಉಡುಪು ಎಂದು ಇಲ್ಲಿ ಎಲ್ಲರೂ ಗ್ರಹಿಸಿರುವಂತಿದೆ. ಅಡಿಡಾಸ್ ಕಂಪನಿ ಫುಟ್‌ಬಾಲ್ ಆಟಗಾರ ಫ್ರಾನ್ಸ್ ಬೆಕೆನ್‌ಬಾವರ್ ಹೆಸರಿನ, ಬದಿಗೆ ಪಟ್ಟಿಗಳಿದ್ದ ಟ್ರ್ಯಾಕ್ ಸೂಟನ್ನು ಹೊರತಂದದ್ದು 1967ರಲ್ಲಿ. ಅದಕ್ಕೂ ಬಹಳ ಹಿಂದೆಯೇ ಯುರೋಪಿನ ಸೈನಿಕರ ಸಮವಸ್ತ್ರದ ಪ್ಯಾಂಟಿಗೆ ಹೊರಬದಿಯ ಹೊಲಿಗೆಯುದ್ದಕ್ಕೂ ಪಟ್ಟಿ ಇತ್ತು, ಔತಣಕ್ಕೆ ತೊಡುವ ಟಕ್ಸಿಡೊ ಪ್ಯಾಂಟಿಗೆ ಇಂದಿಗೂ ರೇಷ್ಮೆಯ ಪಟ್ಟಿ ಇರುತ್ತದೆ. ಹಾಗಾಗಿ ಬಟ್ಟೆಯ ಬಣ್ಣದಲ್ಲೇ ಇರುವ ಒಂಟಿ ಪಟ್ಟಿ ಗಂಭೀರವಾಗಿಯೇ ಕಾಣುತ್ತದೆ. ಎದುರುಬಣ್ಣದ ಎರಡು ಮೂರು ಗೆರೆಗಳು ಬಂದಾಗಲೇ ಮೈದಾನದ ನೆನಪಾಗುವುದು.

ಆದರೂ ನನ್ನದೊಂದು ತಕರಾರಿದೆ. ಕಚೇರಿಗೆ ಸರಿ, ಸಂಜೆ ಸ್ನೇಹಿತರೊಡನೆ ಕಾಫಿಗೆ ಸರಿ. ಮದುವೆಯ ಆರತಕ್ಷತೆಗೆ, ಗೃಹಪ್ರವೇಶಕ್ಕೆ ಲಾಡಿಯ ಪ್ಯಾಂಟ್ ಬೇಡ. ಕರೆದವರು ರೇಷ್ಮೆ ಉಟ್ಟು ಬಾಗಿಲಲ್ಲಿ ನಿಂತಿರುವಾಗ ನಮ್ಮ ಆರಾಮವನ್ನು ಮೆರೆಸುವುದು ಚಂದವಲ್ಲ.

ಹೆಬ್ಬಾಳದ ಉದ್ಯೋಗಿ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಕಡುನೀಲಿಯ ಒಳಗಿನ ಚೀಟಿ ನೋಡಿದೆ. ಪಾಲಿಯೆಸ್ಟರ್, ವಿಸ್ಕೋಸ್, ಎಲಾಸ್ಟೇನ್ ಎಂದೇ ಇದೆ. ಪಾದರಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಬಳಿ ಓಟದ ಶೂ, ಕಂದು ಲೋಫರ್ ಮತ್ತು ಲೇಸಿನ ಕಪ್ಪು ಫಾರ್ಮಲ್ ಶೂ ಇವೆ.

ಸರಸ್ವತಿಪುರಂ ಓದುಗ

ಕಂದು ಲೋಫರ್ ತೊಡಿ. ಸಾಕ್ಸ್ ಕಾಣದಂತಿರಲಿ ಅಥವಾ ಪ್ಯಾಂಟಿನ ಬಣ್ಣದ್ದೇ ಇರಲಿ. ದಪ್ಪ ಅಟ್ಟೆಯ ಓಟದ ಶೂ ಹಾಕಿದರೆ ಪಟ್ಟಿಯೂ ಲಾಡಿಯೂ ಮತ್ತೆ ಎದ್ದು ಕಾಣುತ್ತವೆ. ಕಪ್ಪು ಲೇಸಿನ ಶೂ ಈ ಪ್ಯಾಂಟಿಗೆ ಅತಿಯಾಗುತ್ತದೆ. ಮುಂದೆ ಕೊಳ್ಳುವುದಾದರೆ ಗೆರೆ, ಬರಹ ಇಲ್ಲದ ಸಾದಾ ಬಿಳಿ ಚರ್ಮದ ಸ್ನೀಕರ್ ಕೊಳ್ಳಿ, ಜೂನ್‌ನಿಂದಾಚೆ ಮಳೆಯಲ್ಲಿ ಒದ್ದೆಯಾದರೂ ಒರೆಸಿಕೊಂಡು ಕಚೇರಿಯೊಳಗೆ ಹೋಗಬಹುದು.