‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಗೂ ಅಲ್ಲಮನ ಬಯಲಿಗೂ ಹೊಂದಿಕೆ ಹೇಗೆ?

ಪ್ರಶ್ನೆ:
ಈ ಗಾದೆಯನ್ನು ನಾವು ಸಾಮಾನ್ಯವಾಗಿ ಬಲ್ಲವರ ವಿನಯಕ್ಕೆ ಅನ್ವಯಿಸುತ್ತೇವೆ. ಅದರಂತೆ ತುಂಬಿರುವುದು ಹಿರಿಮೆ, ಬರಿದಾಗಿರುವುದು ಕೊರತೆ. ಆದರೆ ಅಲ್ಲಮಪ್ರಭುಗಳಿಗೆ ಬಯಲೇ, ಅಂದರೆ ಶೂನ್ಯವೇ, ಸಾಧನೆಯ ಕೊನೆಯ ನೆಲೆ. ಅವರನ್ನು ನಡುವಿಟ್ಟುಕೊಂಡು ಶರಣರ ವಚನಗಳನ್ನು ಸಂವಾದವಾಗಿ ಹೆಣೆದ 15ನೇ ಶತಮಾನದ ಕೃತಿಯ ಹೆಸರೇ ‘ಶೂನ್ಯಸಂಪಾದನೆ’. ಬರಿದಾಗುವುದೇ ಗುರಿಯಾದರೆ, ಸಾಧಕನು ಈ ಗಾದೆಯನ್ನು ಹೇಗೆ ತಿಳಿಯಬೇಕು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ:
ಗಾದೆಯ ಆಕ್ಷೇಪ ಬರಿಗೊಡದ ಮೇಲಲ್ಲ, ಅರೆಗೊಡದ ಮೇಲೆ ಎಂದು ನನ್ನ ತಿಳಿವಳಿಕೆ. ಬೌದ್ಧರ ಪಾಳಿ ಗ್ರಂಥವಾದ ಸುತ್ತನಿಪಾತದ ನಾಲಕ ಸುತ್ತದಲ್ಲಿ ಬುದ್ಧನು, ಸಣ್ಣ ತೊರೆಗಳು ಸದ್ದು ಮಾಡುತ್ತ ಹರಿಯುತ್ತವೆ, ಮಹಾಸಾಗರ ಮೌನವಾಗಿರುತ್ತದೆ ಎಂದು ಹೇಳಿ, ಮೂಢನನ್ನು ಅರ್ಧ ತುಂಬಿದ ಕೊಡಕ್ಕೂ ಪಂಡಿತನನ್ನು ತುಂಬಿದ ಮಡುವಿಗೂ ಹೋಲಿಸುತ್ತಾನೆ. ‘ಅರ್ಧೋ ಘಟೋ ಘೋಷಮುಪೈತಿ ನೂನಮ್’ ಎಂಬ ಸಂಸ್ಕೃತ ಸುಭಾಷಿತದಲ್ಲಿಯೂ ಸದ್ದು ಅರ್ಧ ಕೊಡದ್ದೇ. ಅರೆಗೊಡದಲ್ಲಿ ಅಲುಗಾಡಲು ನೀರೂ ಇದೆ, ಆ ನೀರಿಗೆ ಬೇಕಾದಷ್ಟು ತೆರಪೂ ಇದೆ. ಒಂದಿಷ್ಟು ತಿಳಿದು, ‘ತಿಳಿದವನು ನಾನು’ ಎಂಬ ಭಾವವೂ ಜೊತೆಗೆ ಉಳಿದಿರುವ ಸಾಧಕನ ಸ್ಥಿತಿ ಅದೇ. ಆ ‘ನಾನು’ ಅಳಿದಲ್ಲಿ ತುಳುಕುವುದಕ್ಕೆ ಏನೂ ಉಳಿಯುವುದಿಲ್ಲ.

ಮತ್ತೊಂದು ಉತ್ತರ:
ಮೇಲಿನವರ ಮಾತಿಗೆ ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶದ (ಅಧ್ಯಾಯದ) ಒಂದು ಶ್ಲೋಕವನ್ನು ಸೇರಿಸಬಯಸುತ್ತೇನೆ:
‘ಅಂತಃ ಶೂನ್ಯೋ ಬಹಿಃ ಶೂನ್ಯಃ ಶೂನ್ಯಃ ಕುಂಭ ಇವಾಂಬರೇ |
ಅಂತಃ ಪೂರ್ಣೋ ಬಹಿಃ ಪೂರ್ಣಃ ಪೂರ್ಣಃ ಕುಂಭ ಇವಾರ್ಣವೇ ||’
ಸಮಾಧಿಯಲ್ಲಿರುವವನು ಆಕಾಶದಲ್ಲಿಟ್ಟ ಕುಂಭದಂತೆ ಒಳಗೂ ಹೊರಗೂ ಬರಿದು. ಕಡಲಲ್ಲಿ ಮುಳುಗಿದ ಕುಂಭದಂತೆ ಒಳಗೂ ಹೊರಗೂ ತುಂಬಿದವನು. ಒಂದೇ ಸ್ಥಿತಿಯನ್ನು ಆ ಗ್ರಂಥದ ಕರ್ತೃ ಸ್ವಾತ್ಮಾರಾಮರು ಶೂನ್ಯವೆಂದೂ ಪೂರ್ಣವೆಂದೂ ಒಂದೇ ಉಸಿರಿನಲ್ಲಿ ಕರೆದಿರುವಾಗ, ತಾವು ಕಂಡ ವಿರೋಧ ನಿಲ್ಲುವುದಿಲ್ಲವೆಂದು ತೋರುತ್ತದೆ.

ಇನ್ನೊಂದು ಉತ್ತರ:
ಇಬ್ಬರ ವಿವರಣೆಯನ್ನೂ ಒಪ್ಪುತ್ತೇನೆ, ಆದರೆ ಮೌನವೇ ಪೂರ್ಣತೆಯ ಗುರುತು ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಬಯಲನ್ನು ಕುರಿತು ಹೇಳಿದ ಅಲ್ಲಮರದೇ ಸಾವಿರಕ್ಕೂ ಹೆಚ್ಚು ವಚನಗಳಿವೆ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂದ ಬಸವಣ್ಣನವರು ನುಡಿಯನ್ನು ಬಿಡಲು ಹೇಳಲಿಲ್ಲ. ನುಡಿದಂತೆ ನಡೆಯದಿದ್ದರೆ ಕೂಡಲಸಂಗಮದೇವನು ಹೇಗೆ ಒಲಿಯುತ್ತಾನೆ ಎಂದು ಕೇಳಿದರು. ಸತ್ಸಂಗಗಳಲ್ಲಿ ಪ್ರಶ್ನೆ ಕೇಳುವ ಕಿರಿಯರನ್ನು ಇದೇ ಗಾದೆ ಹೇಳಿ ಸುಮ್ಮನಾಗಿಸುವುದನ್ನು ಕಂಡಿದ್ದೇನೆ. ಅದು ನನಗೆ ಬಹಳ ನೋವಿನ ಸಂಗತಿ. ಈ ಗಾದೆಯಿಂದ ಸಾಧಕನು ಅಳೆಯಬೇಕಾದುದು ತನ್ನನ್ನು ಮಾತ್ರ.