ಪದಚರ್ಚೆ: ಬಾತುಬೇಟೆಯ ಜೌಗಿನ ‘ಡ್ರಾಡೌನ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ಬಲ್ಲವರಲ್ಲಿ ವಿನಂತಿ. ಅಮೆರಿಕದ ಮಿಸೌರಿಯಲ್ಲಿ ಸಾರ್ವಜನಿಕರ ಬಾತುಬೇಟೆಗೆ ಬಿಟ್ಟಿರುವ ಜೌಗುಗಳ ಪಾಲನೆ ಕುರಿತ ಬರಹವೊಂದರ ಅನುವಾದಕ್ಕೆ ನಾಲ್ಕು ಪದ ಬೇಕಾಗಿವೆ: ‘ಡ್ರಾಡೌನ್’, ‘ಮಾಯಿಸ್ಟ್ ಸಾಯಿಲ್ ಯೂನಿಟ್’, ‘ಸ್ಟಾಪ್‌ಲಾಗ್’, ‘ಡಿಕಾಯ್’. ‘ನೀರು ಖಾಲಿ ಮಾಡುವುದು’, ‘ತೇವ ಮಣ್ಣಿನ ಘಟಕ’, ‘ತಡೆ ದಿಮ್ಮಿ’, ‘ಮೋಸದ ಹಕ್ಕಿ’ ಎಂದರೆ ನಡೆದೀತೇ?

ಉತ್ತರ:
ಮಾನ್ಯರೇ, ‘ಖಾಲಿ ಮಾಡುವುದು’ ಖಂಡಿತ ಬೇಡ. ನೀರು ನಿಧಾನವಾಗಿ ಇಳಿಯುವುದೇ ಅಲ್ಲಿನ ಕೆಲಸದ ಜೀವಾಳ. ಚಳಿಗಾಲವೆಲ್ಲ ನಿಂತ ನೀರನ್ನು ವಸಂತದಲ್ಲಿ ಎರಡು ಮೂರು ವಾರ ಹಿಡಿದು, ದಿನಕ್ಕೆ ಒಂದೆರಡು ಸೆಂಟಿಮೀಟರಿನಂತೆ ಬಿಡುತ್ತಾರೆ. ಅಂಚಿನಿಂದ ಒಳಕ್ಕೆ ಕೆಸರು ಬಯಲಾಗುತ್ತ ಹೋದಂತೆ ಮಣ್ಣಿನಲ್ಲಿ ಮೊದಲೇ ಇದ್ದ ಬೀಜಗಳು ಮೊಳೆಯುತ್ತವೆ. ವಸಂತದ ಆರಂಭದಲ್ಲೇ ಇಳಿಸಿದರೆ, ಬಾತುಗಳು ಬೀಜ ತಿನ್ನುವ ಜೌಗುಗಿಡ ಸ್ಮಾರ್ಟ್‌ವೀಡ್ ಹೆಚ್ಚು. ಕೊಂಚ ತಡವಾಗಿ ಇಳಿಸಿದರೆ ನಮ್ಮ ಊದಲಿನ ಕಾಡು ನೆಂಟರು. ಬೇಸಿಗೆಯಲ್ಲಿ ಒಂದೆರಡು ದಿನದಲ್ಲೇ ಬಿಟ್ಟುಬಿಟ್ಟರೆ ಮೇಲ್ಮಣ್ಣು ಒಣಗಿ, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕಾಕಲ್‌ಬರ್ ಆವರಿಸಿಕೊಳ್ಳುತ್ತದೆ. ಶರತ್ಕಾಲದಲ್ಲಿ ಮತ್ತೆ 10ರಿಂದ 25 ಸೆಂಟಿಮೀಟರು ನೀರು ನಿಲ್ಲಿಸಬೇಕು. ಅದಕ್ಕಿಂತ ಆಳವಾದರೆ ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುವ ಬಾತುಗಳಿಗೆ ಬೀಜ ಎಟುಕುವುದಿಲ್ಲ.

‘ಇಳಿತ’ ಎಂದರೆ ಕರಾವಳಿಯವರಿಗೆ ಸಮುದ್ರದ ಭರತ-ಇಳಿತವೇ ಕಣ್ಣಮುಂದೆ ಬರುತ್ತದೆ. ‘ಬಸಿ’ ಎಂದರೆ ಅನ್ನ ಬಸಿದ ಹಾಗೆ, ನೀರುಳಿಯದು. ನನ್ನ ಒಲವು ‘ನೀರಿಳಿಕೆ’ಗೆ. ಕ್ರಿಯಾಪದವನ್ನು ಮಾತ್ರ ‘ನೀರು ಇಳಿಸು’ ಎಂದು ಬಿಡಿಸಿ ಬರೆಯಿರಿ. ಕೂಡಿಸಿದರೆ ಬೈದು ನೀರಿಳಿಸುವ ಅರ್ಥ ನುಸುಳುತ್ತದೆ.

ಹೀಗೆ ನೀರು ಇಳಿಸಿ, ಬಾತಿನ ಮೇವಿನ ಗಿಡ ತಾನಾಗಿ ಬೆಳೆಯಲು ಬಿಡುವ ಏರಿ ಕಟ್ಟಿದ ಜೌಗಿನ ತುಂಡೇ ‘ಮಾಯಿಸ್ಟ್ ಸಾಯಿಲ್ ಯೂನಿಟ್’. ಅದಕ್ಕೆ ‘ತೇವ ಮಣ್ಣು’ ಎಂದರೆ ಹೂಕುಂಡದ ಮಾತಾಯಿತು. ‘ಬೆದೆ’ ನೆನಪಾಗುವುದು ಸಹಜ, ಆದರೆ ಬೆದೆ ಬಿತ್ತನೆಗೆ ಹದವಾದ ನೆಲ. ಇದು ಕಾಲು ಹೂಳುವ ಕೆಸರು, ಮೇಲಾಗಿ ಇಲ್ಲಿ ಯಾರೂ ಬಿತ್ತುವುದಿಲ್ಲ. ಈ ವ್ಯತ್ಯಾಸ ಬರೀ ಪದದ್ದಲ್ಲ, ಅಮೆರಿಕದ ಕಾನೂನಿನದೂ ಹೌದು. ತಾನಾಗಿ ಬೆಳೆದ ಹುಲ್ಲನ್ನು ಕೊಚ್ಚಿ ನೀರು ಹಾಯಿಸಿದಲ್ಲಿ ಬಾತು ಹೊಡೆಯಬಹುದು. ಬಿತ್ತಿದ ಮೆಕ್ಕೆಜೋಳವನ್ನು ಕೊಯ್ಲಿಗೆ ಮೊದಲೇ ಕೊಚ್ಚಿ ಕಾಳು ಚೆಲ್ಲಿದರೆ ಅದು ಆಮಿಷ ಒಡ್ಡಿದ ನೆಲ. ಕಾಳನ್ನೆಲ್ಲ ತೆಗೆದ ಮೇಲೂ 10 ದಿನ ಅಲ್ಲಿ ಬಾತುಬೇಟೆ ಸಲ್ಲದು. ಆದ್ದರಿಂದ ‘ಗದ್ದೆ’, ‘ಬೆಳೆ’, ‘ಬಿತ್ತನೆ’ ಯಾವುದೂ ಅನುವಾದದೊಳಗೆ ಸುಳಿಯಬಾರದು. ‘ಹಸಿಮಡಿ’ ಹೇಗೆ? ಸುತ್ತ ಏರಿ, ನಡುವೆ ಹಸಿ ನೆಲ ಎಂಬ ಚಿತ್ರ ಅದರಲ್ಲಿದೆ.

ಸ್ಟಾಪ್‌ಲಾಗ್‌ಗೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ದಕ್ಷಿಣ ಕನ್ನಡ, ಉಡುಪಿಯ ಕಡೆ ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಇಳಿಸುವ ‘ಹಲಗೆ’ಯೇ ಅದು. ಎರಡು ಬದಿಯ ಸೀಳುಗಂಡಿಯಲ್ಲಿ ಒಂದರ ಮೇಲೊಂದು ಕೂರುತ್ತದೆ, ಒಂದೊಂದಾಗಿಯೇ ತೆಗೆಯಬೇಕು. ‘ಹಲಗೆ ಹಾಕು’, ‘ಹಲಗೆ ತೆಗೆ’ ಎಂದೇ ಬರೆಯಿರಿ. ಮಿಸೌರಿಯಲ್ಲಿ ಬೀವರುಗಳು ಕೊಂಬೆ, ಕೆಸರು ತಂದು ನೀರು ಹೊರಬಿಡುವ ಕೊಳವೆಬಾಯಿ ಮುಚ್ಚುತ್ತವೆ, ಇಲಿಯಂತೆ ಕಾಣುವ, ನೀರಲ್ಲಿ ಬಾಳುವ ಮಸ್ಕ್‌ರ್‍ಯಾಟ್‌ಗಳು ಏರಿಯಲ್ಲಿ ಬಿಲ ತೋಡಿ ನೀರು ಸೋರಿಸುತ್ತವೆ. ಆ ಪ್ರಾಣಿಗಳ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಿ.

ಇನ್ನು ಡಿಕಾಯ್. ನಮ್ಮ ಹಳೆಯ ಬೇಟೆಯ ವರ್ಣನೆಗಳಲ್ಲಿ ‘ದೀಹ’ ಅಥವಾ ‘ದೀವ’ ಎಂಬ ಸೊಗಸಾದ ಪದವಿದೆ: ಕಾಡಿನ ಮಿಗವನ್ನು ಸೆಳೆಯಲು ಪಳಗಿಸಿ ಒಡ್ಡುವ ಪ್ರಾಣಿ. ಒಂದೇ ತೊಡಕೆಂದರೆ ಅದು ಜೀವವಿರುವುದು. ಅಮೆರಿಕದಲ್ಲಿ ಬಾತುಬೇಟೆಗೆ ಜೀವಂತ ಬಾತು ಒಡ್ಡುವುದು 1935ರಿಂದ ನಿಷಿದ್ಧ, ಈಗ ತೇಲಿಬಿಡುವುದು ಪ್ಲಾಸ್ಟಿಕ್ಕಿನದು. ಹಾಗಾಗಿ ‘ದೀಹದ ಬೊಂಬೆ’ ಎನ್ನೋಣ.

ಬೇಟೆಗಾರ ಅಡಗಿ ಕೂರುವ ‘ಬ್ಲೈಂಡ್’ ಅನ್ನು ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ‘ಅಟ್ಟಣೆ’ ಎಂದರೆ ಎತ್ತರದಲ್ಲಿ ಕಟ್ಟಿದ್ದು. ನೀರಂಚಿನ ಹುಲ್ಲುಗೂಡಿಗೆ ‘ಮರೆ’ ಸಾಕು.